ಹಲ್ಲು ಮಾಡುವವಳು ಕಾರಿಗೆ ಲೈಟು ಮಾಡಿದ್ದು

ನಗೆಪಾಟಲಿನ ಸಂಗತಿಗಳಿಗೆ ನಮ್ಮ ಮನೆಯ ವಿಳಾಸ ಬಾಯಿಪಾಠ. ಸಿಡ್ನಿಯಲ್ಲಿದ್ದಾಗ ಲಿಫ್ಟಿಲ್ಲದ ಮೂರನೇ ಮಹಡಿಗೂ ಹತ್ತಿ ಬರುತ್ತಿದ್ದವು. ಆಮೇಲೆ ಮೆಲ್ಬರ್ನಿಗೆ ಮನೆ ಬದಲಿಸಿದೆವು. ನಾವು ರಟ್ಟಿನ ಪೆಟ್ಟಿಗೆ ಬಿಚ್ಚುವ ಮೊದಲೇ ಅಲ್ಲಿಗೂ ಬಂದು ಕೂತಿದ್ದವು.

ನಾನು ಹಲ್ಲು ಮಾಡುವವಳು. ಡೆಂಟಿಸ್ಟ್ ಅಲ್ಲ. ಡೆಂಟಿಸ್ಟ್ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ಅದನ್ನು ನೋಡಿ ಹಲ್ಲಿನ ಸೆಟ್ಟು ಮಾಡಿ ಕೊಡುವುದು ಲ್ಯಾಬಿನಲ್ಲಿ ಕೂತ ನನ್ನಂಥವರು. ಮಂಗಳೂರಿನಲ್ಲಿ ಕಲಿತ ವಿದ್ಯೆ. ಮನೆಮಾತು ಕೊಂಕಣಿ, ಓದಿದ್ದು ಕನ್ನಡ ಶಾಲೆಯಲ್ಲಿ. ಹಾಗಾಗಿ ಪ್ರಾರ್ಥನೆಯೂ ಬೈಗುಳವೂ ಕೊಂಕಣಿಯಲ್ಲಿ ಬರುತ್ತವೆ, ಕತೆ ಮಾತ್ರ ಕನ್ನಡದಲ್ಲೇ ಬರುತ್ತದೆ. ಸಿಡ್ನಿಯ ಚಾಟ್ಸ್‌ವುಡ್ಡಿನ ಒಂದು ಸಣ್ಣ ಲ್ಯಾಬ್ ನನಗೆ ವೀಸಾ ಸ್ಪಾನ್ಸರ್ ಮಾಡಿತು. ನನ್ನ ಹಿಂದೆಯೇ ಗಂಡನೂ ಬಂದ. ಇಬ್ಬರೂ ಸೇರಿ ಆ ದೇಶದಲ್ಲಿ ಮೊದಲು ಕೊಂಡದ್ದು ಮಂಚವಲ್ಲ, ಕಾರು. ನೆಲದ ಮೇಲೆ ಹಾಸಿಗೆ ಹಾಕಿ ಮಲಗಿ, ಬೆಳಗೆದ್ದು ಬಾಲ್ಕನಿಯಿಂದ ಬಗ್ಗಿ ನಮ್ಮ ಕಾರನ್ನು ನೋಡುತ್ತಿದ್ದೆವು.

ಹಳೆಯದು, ಬಿಳಿಯದು, ಪುಟ್ಟದು. ಈಗಿನ ಕಾರುಗಳ ಹಾಗೆ ಅದರ ಹಿಂದಿನ ಲೈಟು ಅರ್ಧ ಬೆನ್ನಿಗೆ ಹರಡಿಕೊಂಡದ್ದಲ್ಲ. ಎರಡು ಸಾಬೂನಿನ ಬಿಲ್ಲೆಗಳನ್ನು ಒಂದರ ಮೇಲೊಂದು ಇಟ್ಟಷ್ಟು, ಅಷ್ಟೇ. ಮೇಲೆ ಹಳದಿ, ಕೆಳಗೆ ಕೆಂಪು. ಎಲ್ಲರೂ ಅದನ್ನು ಗಾಜು ಅನ್ನುತ್ತಾರೆ, ನಿಜಕ್ಕೂ ಅದು ಪ್ಲಾಸ್ಟಿಕ್. ನಮ್ಮ ಕತೆಗಳೆಲ್ಲ ಆ ಅಂಗೈಯಗಲದ ಪ್ಲಾಸ್ಟಿಕ್ಕಿನಿಂದ ಹುಟ್ಟಿದವು.

೧. ರೈಟ್

ಕಾರು ಬಂದ ಎರಡನೇ ವಾರ. ಚಾಟ್ಸ್‌ವುಡ್ಡಿನ ಒಂದು ಬೇಸ್‌ಮೆಂಟ್ ಪಾರ್ಕಿಂಗಿನಲ್ಲಿ ಗಂಡ ರಿವರ್ಸ್ ತೆಗೆಯುತ್ತಿದ್ದ. ಹೊಸ ಕೈ. ನಾನು ಇಳಿದು ಹಿಂದೆ ನಿಂತು ದಾರಿ ಹೇಳುತ್ತಿದ್ದೆ. ಹುಟ್ಟಿದಾಗಿನಿಂದ ಮಂಗಳೂರಿನ ಸಿಟಿ ಬಸ್ಸಿನಲ್ಲಿ ಓಡಾಡಿದವಳು, ಬಾಯಿಗೆ ತಾನಾಗಿ ಬಂದದ್ದು ಕಂಡಕ್ಟರನ ಮಾತೇ. "ಬರ್ಲಿ, ಬರ್ಲಿ, ಬರ್ಲಿ" ಅನ್ನುತ್ತಾ ಕೈಯಿಂದ ಕಾರಿನ ಬೆನ್ನು ತಟ್ಟುತ್ತಿದ್ದೆ. ಅವನೂ ಬಸ್ಸಿನ ಡ್ರೈವರನ ಗತ್ತಿನಲ್ಲಿ ಒಂದೇ ಕೈಯಲ್ಲಿ ಸ್ಟೇರಿಂಗ್ ತಿರುಗಿಸುತ್ತಿದ್ದ.

ಆಗ ಎಡಗಡೆ ಕಾಂಕ್ರೀಟ್ ಕಂಬ ಕಂಡಿತು. ಬಲಕ್ಕೆ ತಿರುಗಿಸು ಅನ್ನಬೇಕು. ಗಾಬರಿಯಲ್ಲಿ ಇಂಗ್ಲಿಷ್ ಬಂತು. "ರೈಟ್! ರೈಟ್!" ಅಂತ ಕಿರುಚಿದೆ.

ನಮ್ಮೂರಿನ ಬಸ್ಸಿನಲ್ಲಿ 'ರೈಟ್' ಅಂದರೆ ಬಲಗಡೆ ಅಲ್ಲ. ರೈಟ್ ಅಂದರೆ ಹೊರಡು.

ಅವನು ಹೊರಟ. ಕಂಬ ಅಲ್ಲಾಡಲಿಲ್ಲ. ಎಡಗಡೆಯ ಲೈಟು ಒಂಬತ್ತು ಚೂರಾಯಿತು.

ಇಳಿದು ಬಂದು, ಚೂರುಗಳನ್ನು ನೋಡಿ, ನನ್ನನ್ನು ನೋಡಿ, ತುಂಬಾ ಬೇಸರದಲ್ಲಿ ಹೇಳಿದ: "ಒಂದು ರೈಟ್ ಅಂದಿದ್ರೆ ಮೆಲ್ಲ ಹೋಗ್ತಿದ್ದೆ ಮಾರಾಯ್ತಿ. ನೀನು ಎರಡು ರೈಟ್ ಅಂದಿ. ಎರಡು ರೈಟ್ ಅಂದ್ರೆ ಎಕ್ಸ್‌ಪ್ರೆಸ್ ಅಲ್ವಾ?"

೨. ಅಚ್ಚಿಗೆ ಅಚ್ಚು

ಹಳೆ ಕಾರುಗಳನ್ನು ಬಿಚ್ಚಿ ಬಿಡಿಭಾಗ ಮಾರುವ ಅಂಗಡಿಗಳಿಗೆಲ್ಲ ಫೋನ್ ಮಾಡಿದೆವು. ಮಾಡೆಲ್ ಹೆಸರು ಹೇಳಿದರೆ ಆ ಕಡೆಯವರು "ಅದಿನ್ನೂ ಓಡ್ತಿದೆಯಾ?" ಅಂತ ಕೇಳುತ್ತಿದ್ದರು. ಲೈಟು ಎಲ್ಲೂ ಇರಲಿಲ್ಲ.

ಗಂಡ ಒಂದು ಬೆಳಿಗ್ಗೆ ಚಹಾ ಕುಡಿಯುತ್ತಾ ಅಂದ, "ನೀನು ಇಡೀ ಊರಿಗೆ ಹಲ್ಲು ಮಾಡಿ ಕೊಡ್ತಿ. ಬಾಯಿಯ ಒಳಗೆ ಹೋಗುವುದನ್ನು ಮಾಡ್ಲಿಕ್ಕೆ ಬರ್ತದೆ, ಕಾರಿನ ಹೊರಗೆ ಕೂರುವುದನ್ನು ಮಾಡ್ಲಿಕ್ಕೆ ಬರುದಿಲ್ವಾ?"

ಚುಚ್ಚಿದರೆ ನಾನು ಸುಮ್ಮನಿರುವ ಜಾತಿಯಲ್ಲ. ಒಂಬತ್ತು ಚೂರುಗಳನ್ನೂ ಗಮ್ ಹಾಕಿ ಜೋಡಿಸಿದೆ. ಲ್ಯಾಬಿನಲ್ಲಿ ಉಳಿದ, ಅಚ್ಚು ತೆಗೆಯುವ ಸಿಲಿಕೋನನ್ನು ಮಾಲೀಕರನ್ನು ಕೇಳಿ ತಂದೆ. ಅಡುಗೆಮನೆಯ ಕಟ್ಟೆಯ ಮೇಲೆ, ಐಸ್‌ಕ್ರೀಮ್ ಡಬ್ಬಿಯಲ್ಲಿ ಲೈಟನ್ನಿಟ್ಟು ಅಚ್ಚು ತೆಗೆದೆ. ಅದಕ್ಕೆ ಬಣ್ಣವಿಲ್ಲದ ಅಕ್ರಿಲಿಕ್, ಅಂದರೆ ಹಲ್ಲಿನ ಸೆಟ್ಟಿಗೆ ಹಾಕುವ ಪ್ಲಾಸ್ಟಿಕ್, ಸುರಿದು ಒಂದು ಟ್ರಯಲ್ ತೆಗೆದೆ. ಡಬ್ಬಿಯಿಂದ ಬಿಡಿಸಿದಾಗ ನನಗೇ ಹೆಮ್ಮೆಯಾಯಿತು. ಒಳಗಿನ ಸಣ್ಣ ಸಣ್ಣ ಗೆರೆಗಳು, ಸ್ಕ್ರೂ ತೂತು, ಮೂಲೆಯಲ್ಲಿದ್ದ ಕಂಪನಿಯ ಅಕ್ಷರಗಳು, ಎಲ್ಲ ಇದ್ದಹಾಗೇ ಬಂದಿದ್ದವು.

ಗಂಡ ಅದನ್ನು ಕಿಟಕಿಯ ಬೆಳಕಿಗೆ ಹಿಡಿದ. ತಿರುಗಿಸಿದ. ಬೆರಳಿನಿಂದ ಎಣಿಸಿದ.

"ಅಲ್ಲ, ಇದರಲ್ಲಿ ಒಂಬತ್ತು ಬಿರುಕೂ ಉಂಟಲ್ಲ!"

ಇತ್ತು. ಸಿಲಿಕೋನ್ ಬಹಳ ಪ್ರಾಮಾಣಿಕ ವಸ್ತು. ಜೋಡಿಸಿದ ಗೆರೆ ಒಂದನ್ನೂ ಬಿಟ್ಟಿರಲಿಲ್ಲ. ಬಾಯಿಯ ಅಚ್ಚಿನಲ್ಲಿ ಅಂಥ ಗೆರೆಗೆ ಮೊದಲು ಮೇಣ ತುಂಬಬೇಕು ಅನ್ನುವುದು ನಾನು ಹೊಸಬರಿಗೆ ಕಲಿಸುವ ಪಾಠ.

"ಇಷ್ಟು ಕಷ್ಟಪಟ್ಟು ನೀನು ಒಡೆದ ಲೈಟನ್ನೇ ಹೊಸದಾಗಿ ಮಾಡಿದಿಯಲ್ಲ," ಅಂದ. "ಒಡೀಲಿಕ್ಕೆ ನಾನು ಸಾಕಿತ್ತು."

೩. ವಸಡು

ಮೇಣ ತುಂಬಿ ಎರಡನೇ ಅಚ್ಚು ತೆಗೆದೆ. ಇದು ಸರಿಯಾಯಿತು. ಆದರೆ ಕೆಂಪು ಬಣ್ಣ ಇನ್ನೂ ಅಂಚೆಯಲ್ಲಿ ಬರಬೇಕಿತ್ತು. ಅಚ್ಚು ಹೇಗಿದೆ ನೋಡುವ ಆತುರಕ್ಕೆ, ಲ್ಯಾಬಿನಲ್ಲಿ ತಾರೀಕು ಮುಗಿದು ಎಸೆಯಲಿಕ್ಕೆ ಇಟ್ಟಿದ್ದ ಪುಡಿಯಿಂದ ಒಂದು ಮಾಡಿದೆ. ಅದು ಹಲ್ಲಿನ ಸೆಟ್ಟಿನ ವಸಡಿಗೆ ಹಾಕುವ ಗುಲಾಬಿ ಪುಡಿ. ನಿಜವಾದ ವಸಡಿನ ಹಾಗೆ ಕಾಣಲಿ ಅಂತ ಅದರಲ್ಲಿ ಕೂದಲೆಳೆಯ ಕೆಂಪು ನೂಲುಗಳೂ ಇರುತ್ತವೆ, ರಕ್ತನಾಳದ ಹಾಗೆ.

ಒಣಗಲಿ ಅಂತ ಕಿಟಕಿಯಲ್ಲಿ ಇಟ್ಟು ಕೆಲಸಕ್ಕೆ ಹೋದೆ. ಗಂಡ ಎದ್ದು ನೋಡಿದ, ಲೈಟು ತಯಾರಾಗಿದೆ ಅಂದುಕೊಂಡ, ಸ್ಕ್ರೂ ಹಾಕಿ ಕೂರಿಸಿಕೊಂಡು ಕಾರು ಓಡಿಸಿಕೊಂಡು ಹೋದ. "ಬಣ್ಣ ಸ್ವಲ್ಪ ತೆಳು ಅನಿಸಿತು, ಬಿಸಿಲಿಗೆ ಕಪ್ಪಾಗ್ತದೆ ಅಂದ್ಕೊಂಡೆ" ಅಂತ ಆಮೇಲೆ ಹೇಳಿದ.

ಎರಡು ದಿನ ಹಾಗೇ ಓಡಿಸಿದ. ನನಗೆ ಗೊತ್ತೇ ಇಲ್ಲ. ನಾನು ಟ್ರೇನಿನಲ್ಲಿ ಹೋಗಿಬರುತ್ತಿದ್ದೆ.

ಮೂರನೇ ದಿನ ನಮ್ಮ ಲ್ಯಾಬಿಗೆ ಕೆಲಸ ಕಳಿಸುವ ಡೆಂಟಿಸ್ಟ್ ಒಬ್ಬರು ಬಂದರು. ಗಂಭೀರ ಮನುಷ್ಯ, ತಮಾಷೆ ಮಾಡಿದ್ದು ಯಾರೂ ಕಂಡಿರಲಿಲ್ಲ. ಅಳತೆಯ ಕಾಗದ ಕೊಟ್ಟು, ಹೊರಡುವಾಗ ಬಾಗಿಲಲ್ಲಿ ನಿಂತರು.

"ನಿನ್ನೆ ಹೈವೇಯಲ್ಲಿ ನನ್ನ ಮುಂದೆ ಒಂದು ಬಿಳಿ ಕಾರಿತ್ತು. ಇಪ್ಪತ್ತೈದು ವರ್ಷದಿಂದ ಡೆಂಟಿಸ್ಟ್ ಆಗಿದ್ದೇನೆ. ಸಿಗ್ನಲ್ಲಿನಲ್ಲಿ ಎರಡು ನಿಮಿಷ ಕಣ್ಣಿಟ್ಟು ನೋಡಿದೆ." ಬಾಗಿಲು ತೆಗೆದರು. "ಆ ಕಾರಿಗೆ ವಸಡಿನ ಕಾಯಿಲೆ ಇದೆ. ಪ್ರತಿ ಸಲ ಬ್ರೇಕ್ ಹಾಕಿದಾಗಲೂ ಬಾವು ಜಾಸ್ತಿಯಾಗ್ತಿತ್ತು."

೪. ಬೀಟ್‌ರೂಟ್

ಆ ಹೊತ್ತಿಗೆ ಅತ್ತೆ ಊರಿನಿಂದ ಬಂದಿದ್ದರು. ಅವರನ್ನು ಏರ್‌ಪೋರ್ಟಿನಿಂದ ಕರೆತಂದದ್ದೂ ಅದೇ ಕಾರಿನಲ್ಲಿ, ಮಡಿಲಲ್ಲಿ ಉಪ್ಪಿನಕಾಯಿ ಭರಣಿ ಇಟ್ಟುಕೊಂಡು. ಅವರಿದ್ದ ಆರು ತಿಂಗಳು ನಮ್ಮ ಫ್ಲಾಟಿನಲ್ಲಿ ಪ್ರತಿ ಸಂಜೆ ತೆಂಗಿನಕಾಯಿ ಹುರಿದ ಪರಿಮಳ ಇರುತ್ತಿತ್ತು. ಈಗಲೂ ಸಿಡ್ನಿ ಅಂದರೆ ನನಗೆ ಬರುವುದು ಸಮುದ್ರದ ವಾಸನೆ ಅಲ್ಲ, ಅದೇ.

ಬಣ್ಣ ಬಂತು. ಕೆಂಪು ಭಾಗ ಬೇರೆ, ಹಳದಿ ಭಾಗ ಬೇರೆ ಎರಕ ಹೊಯ್ದು, ಆಮೇಲೆ ಅಂಟಿಸುವುದು ಅಂತ ಲೆಕ್ಕ ಹಾಕಿದೆ. ಎರಕದಲ್ಲಿ ಗಾಳಿಗುಳ್ಳೆ ಉಳಿಯಬಾರದು ಅಂದರೆ ಒತ್ತಡದಲ್ಲಿ ಗಟ್ಟಿಯಾಗಬೇಕು. ಲ್ಯಾಬಿನಲ್ಲಿ ಅದಕ್ಕೆ ಮೆಷಿನ್ ಉಂಟು. ಮನೆಯಲ್ಲಿ? ಇದಕ್ಕಾಗಿಯೇ ಒಂದು ಹಳೆ ಪ್ರೆಷರ್ ಕುಕ್ಕರ್ ಸಂಪಾದಿಸಿ, ಬಿಸಿನೀರು ಹಾಕಿ, ಅಚ್ಚುಗಳನ್ನು ಒಳಗಿಟ್ಟು, ಸ್ಟವ್ ಮೇಲೆ ಬಿಟ್ಟೆ. ಬೆಂಕಿ ಹಚ್ಚಲಿಲ್ಲ, ಬಿಸಿನೀರಿನ ಆವಿ ಸಾಕು ಅಂತ. ಅಂಗಡಿಗೆ ಹೋದೆ.

ಅತ್ತೆ ಮಧ್ಯಾಹ್ನದ ನಿದ್ದೆ ಮುಗಿಸಿ ಎದ್ದರು. ಸ್ಟವ್ ಮೇಲೆ ಕುಕ್ಕರ್ ಉಂಟು, ಬೆಂಕಿ ಇಲ್ಲ. ಪಾಪ, ಸೊಸೆ ಮರೆತಿದ್ದಾಳೆ ಅಂತ ಹಚ್ಚಿದರು.

ನಾನು ಬಾಗಿಲು ತೆಗೆಯುವಾಗ ಕುಕ್ಕರ್ ಇಳಿಸಿ, ಮುಚ್ಚಳ ತೆಗೆದು, ಅಚ್ಚಿನಿಂದ ಹೊರಬಂದಿದ್ದ ಎರಡು ತುಂಡುಗಳನ್ನು ಚಮಚದಿಂದ ಒತ್ತಿ ಒತ್ತಿ ನೋಡುತ್ತಿದ್ದರು. ಒಂದು ಕಡುಕೆಂಪು, ಒಂದು ಕಿತ್ತಳೆ ಬೆರೆತ ಹಳದಿ. ಮುಖದಲ್ಲಿ ಸೊಸೆಯ ಮೇಲೆ ಕನಿಕರ.

"ಎಂತ ದೇಶಕ್ಕೆ ಬಂದು ಬಿದ್ದಿದ್ದೀರಿ ಮಾರಾಯ್ತಿ," ಅಂದರು. "ಐದು ವಿಸಿಲ್ ಹಾಕಿದೆ. ಬೀಟ್‌ರೂಟೂ ಬೇಯಲಿಲ್ಲ, ಕ್ಯಾರೆಟೂ ಬೇಯಲಿಲ್ಲ."

ಅಷ್ಟು ಬಿಸಿಗೆ ಗುಳ್ಳೆ ಎದ್ದು ಹಾಳಾಗಬೇಕಿತ್ತು. ಆಗಲಿಲ್ಲ. ಕಲ್ಲಿನ ಹಾಗೆ ಗಟ್ಟಿಯಾಗಿತ್ತು, ಜೇನಿನ ಹಾಗೆ ತಿಳಿಯಾಗಿತ್ತು. ನಾನು ಆಮೇಲೆ ಎಷ್ಟು ಸಲ ಮಾಡಿದರೂ ಅಷ್ಟು ಒಳ್ಳೆಯದು ಬರಲಿಲ್ಲ. ವರ್ಷಗಟ್ಟಲೆ ಕಾರಿನ ಹಿಂದೆ ಉರಿದದ್ದು ಅತ್ತೆ ಬೇಯಿಸಿದ ಲೈಟೇ. ಊರಿಗೆ ಹೋದ ಮೇಲೂ ಫೋನಿನಲ್ಲಿ ಕೇಳುತ್ತಿದ್ದರು: "ಆ ಬೀಟ್‌ರೂಟು ಎಂತ ಮಾಡಿದ್ರಿ?"

೫. ವಾಸನೆ

ಬಾಡಿಗೆ ಮನೆಯವರಿಗೆ ಇನ್‌ಸ್ಪೆಕ್ಷನ್ ಅಂದರೆ ಪರೀಕ್ಷೆ ಇದ್ದಹಾಗೆ. ಏಜೆಂಟ್ ಬಂದು ಗೋಡೆ, ನೆಲ, ಒಲೆ ಎಲ್ಲ ನೋಡಿ ಬರೆದುಕೊಂಡು ಹೋಗುತ್ತಾರೆ. ಆ ಸಲ ಬರುವ ದಿನವೇ ನಾನು ಮರೆತು, ಅತ್ತೆ ಬೇಯಿಸಿದ ಎರಡು ತುಂಡುಗಳನ್ನು ಅಂಟಿಸಲಿಕ್ಕೆ ಅಕ್ರಿಲಿಕ್ ಕಲಸಿದ್ದೆ. ಅದರ ವಾಸನೆ ಉಗುರುಬಣ್ಣದ ಬಾಟಲಿ ಹತ್ತು ಒಟ್ಟಿಗೆ ಒಡೆದ ಹಾಗೆ.

ಏಜೆಂಟ್ ಹುಡುಗಿ ಒಳಗೆ ಬಂದು ಮೂಗು ಏರಿಸಿದಳು. ಕಟ್ಟೆಯ ಮೇಲೆ ಸಣ್ಣ ಬ್ರಷ್ಷುಗಳು, ಅರಗಳು, ಪುಟ್ಟ ಬಟ್ಟಲಲ್ಲಿ ಕೆಂಪು ದ್ರವ, ಗುಲಾಬಿ ಪುಡಿ. ಆಗಿನ್ನೂ ಆ ದೇಶದಲ್ಲಿ ಕಾಯಂ ಇರಲಿಕ್ಕೆ ಬೇಕಾದ ಪಿಆರ್ ಬಂದಿರಲಿಲ್ಲ, ಮನೆ ಬಿಡಿ ಅಂದರೆ ಎಲ್ಲಿಗೆ ಹೋಗುವುದು?

ಅವಳು ಗಂಭೀರವಾಗಿ ಕೇಳಿದಳು, "ಇಲ್ಲಿ ಬಿಸಿನೆಸ್ ನಡೆಸ್ತಿದ್ದೀರಾ?"

"ಇಲ್ಲ, ಇಲ್ಲ, ಇದು ನಮ್ಮ ಮನೆಯ ಉಪಯೋಗಕ್ಕೆ ಮಾತ್ರ," ಅಂದೆ.

ಅವಳು ಬರೆಯುವುದನ್ನು ನಿಲ್ಲಿಸಿದಳು. ಬಾಗಿಲು ಮುಚ್ಚಿದೆಯಾ ನೋಡಿಕೊಂಡಳು. ಆಮೇಲೆ ಹತ್ತು ಬೆರಳನ್ನೂ ನನ್ನ ಮುಂದೆ ಚಾಚಿ, ಮೆಲ್ಲಗೆ, "ಶನಿವಾರ ಅಕ್ಕನ ಮದುವೆ ಇದೆ. ನನ್ನ ಉಗುರೂ ಮಾಡಿ ಕೊಡ್ತೀರಾ?"

೬. ಮೇಲಿನದ್ದೋ ಕೆಳಗಿನದ್ದೋ

ನಮ್ಮ ಲ್ಯಾಬಿನ ಮಾಲೀಕರು ಹಾಂಕಾಂಗಿನಿಂದ ಬಂದ ವಯಸ್ಸಾದವರು. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ನನ್ನ ಪಿಆರ್ ಅರ್ಜಿಗೆ ಸಹಿ ಹಾಕಬೇಕಾದವರು ಅವರೇ, ಹಾಗಾಗಿ ಅವರು ಕೆಮ್ಮಿದರೂ ನನಗೆ ಭಯ. ಊಟದ ಹೊತ್ತಿನಲ್ಲಿ ಲ್ಯಾಬಿನ ಚಕ್ರದಲ್ಲಿ ಲೈಟಿಗೆ ಪಾಲಿಶ್ ಹಾಕಿಕೊಳ್ಳುತ್ತೇನೆ ಅಂತ ಕೇಳಿದ್ದೆ. ತಲೆ ಅಲ್ಲಾಡಿಸಿದ್ದರು. ಅದು ಹೂಂ ಅಂತಲೋ ಊಹೂಂ ಅಂತಲೋ ಗೊತ್ತಾಗಲಿಲ್ಲ. ನಾನು ಹೂಂ ಅಂತ ಇಟ್ಟುಕೊಂಡೆ.

ಪಾಲಿಶ್ ಮುಗಿಸಿ, ಗೀರಾಗದ ಹಾಗೆ ಹತ್ತಿ ಸುತ್ತಿ, ಹಲ್ಲಿನ ಸೆಟ್ಟು ಕಳಿಸುವ ಬಿಳಿ ಡಬ್ಬಿಯಲ್ಲೇ ಹಾಕಿಟ್ಟೆ. ಪಕ್ಕದಲ್ಲಿ ಅದೇ ಗಂಭೀರ ಡೆಂಟಿಸ್ಟಿಗೆ ಹೋಗಬೇಕಾದ ಡಬ್ಬಿ. ಡೆಲಿವರಿಯವನು ಬಂದ, ಒಂದು ಡಬ್ಬಿ ತಗೊಂಡು ಹೋದ. ಸಂಜೆ ಗಂಡ ಬಂದ, ಇನ್ನೊಂದು ಡಬ್ಬಿ ತಗೊಂಡು ಕೆಳಗೆ ಕಾರಿನ ಹತ್ತಿರ ಹೋದ.

ಎರಡು ನಿಮಿಷಕ್ಕೆ ಗಂಡನ ಫೋನು. "ಲೈಟು ನನ್ನನ್ನು ನೋಡಿ ನಗಾಡ್ತಾ ಉಂಟು."

ಅಷ್ಟರಲ್ಲಿ ಮಾಲೀಕರ ಮೇಜಿನ ಫೋನೂ ಬಡಿದುಕೊಂಡಿತು. ಅವರು ಸ್ಪೀಕರಿಗೆ ಹಾಕಿದರು.

ಡೆಂಟಿಸ್ಟರ ಸ್ವರ. "ಪೇಷೆಂಟ್ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು ಕೂತಿದ್ದಾರೆ. ನಾನು ಡಬ್ಬಿಯನ್ನೂ ತೆರೆದಿದ್ದೇನೆ. ಅಜ್ಜಿ ತುಂಬ ಒಳ್ಳೆಯವರು. ಏನೂ ಬೇಸರ ಮಾಡ್ಕೊಂಡಿಲ್ಲ. ಇದು ಮೇಲಿನದ್ದೋ ಕೆಳಗಿನದ್ದೋ ಅಂತ ಮಾತ್ರ ಕೇಳ್ತಿದ್ದಾರೆ."

ಗಂಡ ಆ ಹಲ್ಲನ್ನು ಹಿಡಿದುಕೊಂಡು ಕ್ಲಿನಿಕ್ಕಿಗೆ ಓಡಿದ, ಲೈಟು ವಾಪಸ್ ತಂದ. ಮಾಲೀಕರು ಅದನ್ನು ಕೈಗೆ ತೆಗೆದುಕೊಂಡರು. ದೀಪದ ಕೆಳಗೆ ಹಿಡಿದರು, ಕನ್ನಡಕ ಏರಿಸಿದರು, ಅಂಚಿನ ಮೇಲೆ ಹೆಬ್ಬೆರಳು ಎಳೆದರು. ನನ್ನ ಕಣ್ಣ ಮುಂದೆ ವಿಮಾನದ ಟಿಕೆಟ್ಟೇ ಕಾಣುತ್ತಿತ್ತು, ಸಿಡ್ನಿಯಿಂದ ಮಂಗಳೂರಿಗೆ, ಹೋಗುವುದಕ್ಕೆ ಮಾತ್ರ.

"ಪಾಲಿಶ್ ಬಹಳ ಚೆನ್ನಾಗಿದೆ," ಅಂದರು. ಲೈಟು ನನ್ನ ಕೈಗಿಟ್ಟರು. "ಹಲ್ಲಿಗೂ ಹೀಗೇ ಮಾಡು."

ಅರ್ಜಿಗೆ ಸಹಿ ಹಾಕಿದರು. ಅಂಥ ಮಾಲೀಕರು ನನಗೆ ಇನ್ನೊಮ್ಮೆ ಸಿಗಲಿಲ್ಲ.

೭. ಅರಿಶಿನ ಕುಂಕುಮ

ಮಗಳು ಹುಟ್ಟಿ, ಅವಳಿಗೆ ಓಡಾಡಲು ಜಾಗ ಬೇಕು ಅನಿಸಿದಾಗ ಮೆಲ್ಬರ್ನಿನ ಪಾಯಿಂಟ್ ಕುಕ್ಕಿಗೆ ಬಂದೆವು. ಕಾರೂ ಬಂತು. ಸಿಡ್ನಿಯಿಂದ ಅಷ್ಟು ದೂರ ಒಂದು ದಿನವಿಡೀ ಓಡಿಸಿಕೊಂಡು ಬಂದದ್ದು, ಮಗಳು ಹಿಂದೆ ಕೂತು ಪ್ರತಿ ಊರಿಗೂ "ಆರ್ ವಿ ದೇರ್?" ಅಂತ ಕೇಳಿದ್ದು, ಅದು ಬೇರೆಯೇ ಕತೆ.

ಪಕ್ಕದ ಮನೆಯಲ್ಲಿ ಮೈಸೂರಿನವರು ಒಬ್ಬರು, ಐಟಿ ಕೆಲಸ. ಕನ್ನಡ ಅಂದರೆ ಪ್ರಾಣ. ಮೊದಲ ದಿನವೇ ನಮ್ಮ ಕಾರಿನ ಹಿಂದೆ ನಿಂತು ಕೈಜೋಡಿಸಿಬಿಟ್ಟರು.

"ಏನ್ರೀ ಇದು! ಮೇಲೆ ಹಳದಿ, ಕೆಳಗೆ ಕೆಂಪು. ಕಾರಿನ ಹಿಂದೆ ಕನ್ನಡ ಬಾವುಟಾನೇ ಕಟ್ಕೊಂಡಿದ್ದೀರಲ್ರೀ!"

ಅಷ್ಟು ವರ್ಷ ಅದನ್ನು ತೊಳೆದು ಒರೆಸಿದ ನಮಗೆ ಹೊಳೆದಿರಲೇ ಇಲ್ಲ. ನಾನೇ ಮಾಡಿದ್ದು ಅಂತ ಗೊತ್ತಾದ ಮೇಲೆ ಅವರು ಬಿಡಲಿಲ್ಲ. ಅವರ ಹಳೆಯ ಎರಡನೇ ಕಾರಿನಲ್ಲಿ ಕೆಂಪು ಮೇಲೆ, ಹಳದಿ ಕೆಳಗೆ. "ನವೆಂಬರ್‌ನಲ್ಲಿ ರಾಜ್ಯೋತ್ಸವದ ಪಿಕ್ನಿಕ್ ಇದೆ. ತಲೆಕೆಳಗಾದ ಬಾವುಟ ಇಟ್ಕೊಂಡು ನಾನು ಹೇಗೆ ಹೋಗ್ಲಿ, ನೀವೇ ಹೇಳಿ. ಪಾರ್ಕಿನೊಳಗೆ ಒಂದು ರೌಂಡು, ಅಷ್ಟೇ."

ಮಾಡಿ ಕೊಟ್ಟೆ. ಹಳದಿ ಮೇಲೆ, ಕೆಂಪು ಕೆಳಗೆ, ಚಂದವೇ ಬಂತು. ಪಾರ್ಕಿನ ಹುಲ್ಲಿನ ಮೇಲೆ ಅವರು ಕಾರನ್ನು ಮೆಲ್ಲ ಮೆಲ್ಲ ಮೆರವಣಿಗೆಯ ಹಾಗೆ ತಂದರು. ಜನ ಚಪ್ಪಾಳೆ ಹೊಡೆದರು. ಆದರೆ ನಾನೂ ಅವರೂ ಒಂದು ಮರೆತಿದ್ದೆವು. ಗಾಜು ಬದಲಾಗಿತ್ತು, ಒಳಗಿನ ಬಲ್ಬು ಇದ್ದಲ್ಲೇ ಇತ್ತು. ಬ್ರೇಕ್ ಒತ್ತಿದರೆ ಹಳದಿ ಉರಿಯಿತು. ಎಡಕ್ಕೆ ತಿರುಗಲು ಸಿಗ್ನಲ್ ಹಾಕಿದರೆ ಕೆಂಪು ಮಿಟುಕಿತು. ಹಿಂದೆ ಬರುತ್ತಿದ್ದ ಐಸ್‌ಕ್ರೀಮ್ ವ್ಯಾನಿನವನು ಇದೇನು ನಿಲ್ಲುತ್ತದೋ ತಿರುಗುತ್ತದೋ ತಿಳಿಯದೆ, ಗಾಡಿ ನಿಲ್ಲಿಸಿ ಇಳಿದೇಬಿಟ್ಟ.

ಅವರ ಹೆಂಡತಿ ಚಾಪೆಯ ಮೇಲೆ ಚಿತ್ರಾನ್ನ ಬಡಿಸುತ್ತಿದ್ದವರು ಸೌಟು ಹಿಡಿದುಕೊಂಡೇ ಎದ್ದು ಬಂದರು.

"ನಿಂತ್ರೆ ಅರಿಶಿನ, ತಿರುಗಿದ್ರೆ ಕುಂಕುಮ! ಮೊದಲು ಹಳೇ ಲೈಟು ಹಾಕ್ಸಿ, ಆಮೇಲೆ ಮನೆಗೆ ಬನ್ನಿ. ಇಲ್ದಿದ್ರೆ ಬಾಗಿಲಲ್ಲಿ ನಿಲ್ಲಿಸಿ ನಾನೇ ಆರತಿ ಎತ್ತಿ, ಅಲ್ಲಿಂದಲೇ ಕಳಿಸಿಬಿಡ್ತೀನಿ!"

೮. ಅಜ್ಜನ ಹಲ್ಲು

ಇದನ್ನು ಹೇಳದೆ ಮುಗಿಸಿದರೆ ಗಂಡ ಒಪ್ಪುವುದಿಲ್ಲ.

ಬೇರೆ ರಾಜ್ಯದಿಂದ ಬಂದ ಕಾರನ್ನು ಇಲ್ಲಿ ರಿಜಿಸ್ಟರ್ ಮಾಡಬೇಕಾದರೆ ರೋಡ್‌ವರ್ದಿ ಸರ್ಟಿಫಿಕೇಟ್ ಬೇಕು. ಬ್ರೇಕು, ಟೈರು, ಲೈಟು ಎಲ್ಲ ನೋಡಿ ಗ್ಯಾರೇಜಿನವರು ಕೊಡುವ ಕಾಗದ. ಸಿಕ್ಕದಿದ್ದರೆ ಕಾರು ಗುಜರಿಗೆ. ಹೊಸತು ತಗೊಳ್ಳೋಣ ಅಂತ ಸ್ನೇಹಿತರೆಲ್ಲ ಹೇಳಿದರು. ಗಂಡ ಮಾತ್ರ ಆ ವಾರ ಸರಿಯಾಗಿ ಊಟ ಮಾಡಲಿಲ್ಲ. ಅವನು ಡ್ರೈವಿಂಗ್ ಕಲಿತದ್ದು ಅದರಲ್ಲಿ. ನನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಮೂವರಾಗಿ ಮನೆಗೆ ಬಂದದ್ದು ಅದರಲ್ಲಿ.

ಮೊದಲೇ ಹೇಳಿಬಿಡುತ್ತೇನೆ, ಕಾರು ಉಳಿಯಿತು. ಪರೀಕ್ಷೆ ಮಾಡಿದ ಗ್ಯಾರೇಜಿನ ಅಜ್ಜನೇ ಎಲ್ಲೆಲ್ಲೋ ಗೆಳೆಯರಿಗೆ ಫೋನ್ ಮಾಡಿ, ಯಾವುದೋ ಹಳ್ಳಿಯ ಶೆಡ್ಡಿನಿಂದ ಒಂದು ಜೊತೆ ಅಸಲಿ ಲೈಟು ತರಿಸಿ ಹಾಕಿ, ಕಾಗದ ಬರೆದುಕೊಟ್ಟ. ನಾನು ಮಾಡಿದ ಲೈಟು ಈಗ ನಮ್ಮ ಅಡುಗೆಮನೆಯ ಕಿಟಕಿಯಲ್ಲಿದೆ. ಸಂಜೆ ಬಿಸಿಲಿಗೆ ಗೋಡೆಯ ಮೇಲೆ ಒಂದು ಹಳದಿ, ಒಂದು ಕೆಂಪು ಚೌಕ ಬೀಳುತ್ತದೆ. ಆದರೆ ನಾನು ಹೇಳಬೇಕೆಂದದ್ದು ಆ ಮೊದಲ ದಿನದ್ದು.

ಗ್ಯಾರೇಜು ವಿಂಡಮ್ ವೇಲ್ ಕಡೆ, ಹೊಸ ಮನೆಗಳ ಸಾಲಿನ ಆಚೆ. ನಡೆಸುವವನು ಎಪ್ಪತ್ತು ದಾಟಿದ ಅಜ್ಜ. ಬಾಯಲ್ಲಿ ಒಂದೂ ಹಲ್ಲಿಲ್ಲ. ಟೈರು ಒದ್ದು ನೋಡಿ "ಪೈನ್" ಅಂದ. ಬ್ರೇಕು ನೋಡಿ "ಪೈನ್" ಅಂದ. ಗಂಡ ನನ್ನ ಕಿವಿಯಲ್ಲಿ, "ಎಂತ ಪೈನ್ ಪೈನ್ ಅಂತಾನೆ? ಪೇನ್ ಅಂತ ನೋವುಂಟಾ, ಫೈನ್ ಅಂತ ದಂಡ ಹಾಕ್ತಾನಾ?" ಅಂದ. "ಚೆನ್ನಾಗಿದೆ ಅಂತ ಹೇಳುವುದು. ಮೇಲಿನ ಹಲ್ಲಿಲ್ಲದಿದ್ರೆ ಬಾಯಲ್ಲಿ 'ಫ' ಬರುದಿಲ್ಲ," ಅಂದೆ. "ನನ್ನ ಅಮ್ಮನಿಗೂ ಬರುದಿಲ್ಲ, ಅವಳಿಗೆ ಮೂವತ್ತೆರಡೂ ಉಂಟು," ಅಂದ ಅವನು.

ಅಜ್ಜ ಹಿಂದಿನ ಲೈಟಿನ ಮುಂದೆ ಬಂದು ಕುಕ್ಕರಗಾಲಲ್ಲಿ ಕೂತ. ಉಗುರಿನಿಂದ ತಟ್ಟಿದ. ಬಲಗಡೆಯದ್ದನ್ನು ತಟ್ಟಿದ. ಮತ್ತೆ ಎಡಗಡೆಯದ್ದು. "ಇದು ಪ್ಯಾಕ್ಟರಿಯಲ್ಲಿ ಮಾಡಿದ್ದಲ್ಲ," ಅಂದ.

ಗಂಡ ಒಂದು ಕ್ಷಣವೂ ತಡೆಯದೆ ನನ್ನ ಕಡೆ ಬೆರಳು ತೋರಿಸಿದ. ಹದಿನಾಲ್ಕು ವರ್ಷದ ಸಂಸಾರ!

ಹಲ್ಲು ಮಾಡುವವಳು, ಹಲ್ಲಿನ ಸಾಮಾನಿನಿಂದಲೇ ಇದನ್ನೂ ಮಾಡಿದೆ ಅಂತ ಒಪ್ಪಿಕೊಂಡೆ. ಅಜ್ಜನ ಕಣ್ಣು ಅರಳಿತು. ಶರ್ಟಿನ ಜೇಬಿಗೆ ಕೈಹಾಕಿ, ಕರವಸ್ತ್ರದಲ್ಲಿ ಸುತ್ತಿದ ಇಡೀ ಸೆಟ್ಟನ್ನು ತೆಗೆದು ತೋರಿಸಿದ. "ಮಾಡಿಸಿ ಏಳು ವರ್ಷ ಆಯ್ತು. ಹಾಕಿದ್ರೆ ಚುಚ್ತದೆ. ಪೋಟೋ ತೆಗೆಯುವಾಗ ಮಾತ್ರ ಹಾಕ್ಕೊಳ್ತೇನೆ."

ನನಗೆ ತಡೆಯಲಾಗಲಿಲ್ಲ. ಕೆಲಸ ಒಳ್ಳೆಯದೇ, ಒಂದೇ ಒಂದು ಅಂಚು ಸಾಸಿವೆಯಷ್ಟು ಎತ್ತರ. ಏಳು ವರ್ಷ ಒಬ್ಬ ಮನುಷ್ಯ ಗಂಜಿ ಕುಡಿದೇ ಬದುಕಿದ್ದಾನೆ! ಬ್ಯಾಗಿನಿಂದ ಲಿಪ್‌ಸ್ಟಿಕ್ ತೆಗೆದು, ಒಂದು ಕಡ್ಡಿಯ ತುದಿಗೆ ಹಚ್ಚಿ ಅವನ ಕೈಗೆ ಕೊಟ್ಟೆ. "ನೋವಿರುವಲ್ಲಿ ಮುಟ್ಟಿಸಿ ಹಲ್ಲು ಹಾಕಿ ತೆಗೆಯಿರಿ," ಅಂದೆ. ಸೆಟ್ಟಿನ ಒಳಗೆ ಕೆಂಪು ಚುಕ್ಕೆ ಬಿತ್ತು. ಅವನದೇ ಸಣ್ಣ ಗ್ರೈಂಡರ್ ತಗೊಂಡು ಆ ಚುಕ್ಕೆಯನ್ನಷ್ಟೇ ಉಜ್ಜಿದೆ. ನಯವಾದ ಉಪ್ಪುಕಾಗದದಲ್ಲಿ ತಿಕ್ಕಿ, ತೊಳೆದು ಕೊಟ್ಟೆ.

ಗಂಡ ಪಕ್ಕದಲ್ಲಿ ನಿಂತು ಕೊಂಕಣಿಯಲ್ಲಿ ಪಿಸುಗುಟ್ಟುತ್ತಿದ್ದ. "ಚಂದ ಮಾಡು, ಚಂದ ಮಾಡು. ಇನ್ನು ಅವನು ನಮ್ಮನ್ನು ಬಿಡುದಿಲ್ಲ. ಕಾಗದ ಸಿಕ್ಕಿತು ಅಂತಲೇ ತಿಳ್ಕೊ."

ಅಜ್ಜ ಹಲ್ಲು ಹಾಕಿಕೊಂಡ. ಬಾಯಿ ಮುಚ್ಚಿದ, ತೆರೆದ. ಮೇಜಿನ ಮೇಲೆ ಹೆಂಡತಿ ಯಾವಾಗಲೂ ಕಳಿಸುತ್ತಿದ್ದ, ಯಾವಾಗಲೂ ನಾಯಿಗೆ ಹೋಗುತ್ತಿದ್ದ ಸೇಬು ಇತ್ತು. ಅದನ್ನೆತ್ತಿ ಕಚ್ಚಿದ. ಕರ್ರ್ ಅಂತ ಶಬ್ದ ಇಡೀ ಗ್ಯಾರೇಜಿಗೆ ಕೇಳಿಸಿತು. ಎರಡನೇ ಸಲ ಕಚ್ಚುವಾಗ ಅವನ ಕಣ್ಣಲ್ಲಿ ನೀರು. ನನ್ನ ಕಣ್ಣಲ್ಲೂ. ಗಂಡನಂತೂ ಕಾರಿನ ಬೆನ್ನಿನ ಮೇಲೆ ಕೈಯಿಟ್ಟು, ಉಳಿದೆ ಮಗನೇ ಅನ್ನುವ ಹಾಗೆ ಸವರುತ್ತಿದ್ದ.

ಸೇಬು ಪೂರ್ತಿ ಮುಗಿಸಿ, ಕೈ ಒರೆಸಿಕೊಂಡು, ಅಜ್ಜ ನನ್ನ ಕೈ ಕುಲುಕಿದ. ಆಮೇಲೆ ಕಾಗದದ ಹಲಗೆ ಎತ್ತಿಕೊಂಡ. ನನ್ನ ಲೈಟಿನ ಮುಂದೆ ಇನ್ನೊಮ್ಮೆ ಬಗ್ಗಿ, ತುಂಬ ಹೊತ್ತು, ತುಂಬ ಪ್ರೀತಿಯಿಂದ ನೋಡಿದ. ನೆಟ್ಟಗೆ ನಿಂತ. ಹೊಸದಾಗಿ ಕೂತ ಮೇಲಿನ ಹಲ್ಲನ್ನು ಕೆಳತುಟಿಯ ಮೇಲೆ ಸರಿಯಾಗಿ ಊರಿ, ಏಳು ವರ್ಷದಲ್ಲಿ ಮೊದಲ ಸಲ, ಗಂಟೆ ಹೊಡೆದ ಹಾಗೆ ಸ್ಪಷ್ಟವಾಗಿ ಅಂದ:

"ಫೇಲ್."

ಗಂಡ ನನ್ನ ಕಡೆ ತಿರುಗಿದ. "ಸಂತೋಷ ಆಯ್ತಾ? ಅರ್ಧ ಗಂಟೆ ಮೊದಲು ಅವನಿಗೆ ಅದನ್ನು ಹೇಳ್ಲಿಕ್ಕೇ ಬರ್ತಿರ್ಲಿಲ್ಲ!"